ಬೆಳವಕ್ಕಿಯ ಜೋಡಿ: ಕ್ರಿಸ್ತ ಜನನದ ಹಬ್ಬವನ್ನು ಕುರಿತ ಅಭ್ಯಾಸಪಾಠ

ಓದತಕ್ಕ ಭಾಗಗಳು: ಲೂಕ ೨:೧–೨೪, ಯಾಜಕಕಾಂಡ ೧೨:೬–೮, ಮತ್ತಾಯ ೨೧:೧೨–೧೪, ನೆಹೆಮೀಯ ೮:೯–೧೨.

ಬಾಯಿಪಾಠ ಮಾಡತಕ್ಕ ವಚನ: ೨ ಕೊರಿಂಥ ೮:೯.

ಪೀಠಿಕೆ



ಡಿಸೆಂಬರ್ ತಿಂಗಳು ಬಂತೆಂದರೆ ಅಸುಂಡಿಯ ಸುತ್ತಣ ಎರೆಹೊಲಗಳಲ್ಲಿ ಕಡಲೆ ಹೂವಾಡುತ್ತದೆ, ಬಿಳಿಜೋಳ ಮೇಲಕ್ಕೇಳುತ್ತದೆ, ಹತ್ತಿಯ ಕಾಯಿ ಒಡೆದು ಬೆಳ್ಳಗಾಗುತ್ತದೆ. ಬೆಳೆ ತೆಗೆದ ಹೊಲಗಳಲ್ಲಿ ಕುರುಬರು ಗೊಬ್ಬರಕ್ಕಾಗಿ ಕುರಿಹಿಂಡನ್ನು ತರುಬಿ, ಕಂಬಳಿ ಹೊದ್ದು, ಚಳಿಯಲ್ಲಿ ರಾತ್ರಿಯೆಲ್ಲಾ ಕಾವಲಿರುವದನ್ನು ನಾವು ಕಾಣುತ್ತೇವೆ. ದೊಡ್ಡ ಪಟ್ಟಣಗಳ ಜನರಿಗೆ ಚಿತ್ರದಲ್ಲಿ ಮಾತ್ರ ದೊರೆಯುವ ಈ ನೋಟವು ನಮಗೆ ಊರ ಹೊರಗೇ ಇದೆ. ಲೂಕನು ಬರೆದ ಕುರುಬರು ಎಂಥವರೆಂದು ನಮ್ಮ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾದದ್ದಿಲ್ಲ.

ಆದರೆ ಅದೇ ತಿಂಗಳಲ್ಲಿ ಮತ್ತೊಂದು ನೋಟವೂ ಕಣ್ಣಿಗೆ ಬೀಳುತ್ತದೆ. ಗದಗ-ಬೆಟಗೇರಿಯ ಪೇಟೆಗೆ ಹೋದವರು ಅಂಗಡಿಯ ಮುಂದೆ ತೂಗುಹಾಕಿದ ಪ್ಲಾಸ್ಟಿಕ್ ನಕ್ಷತ್ರಗಳನ್ನೂ, ಬಣ್ಣದ ದೀಪದ ಸರಗಳನ್ನೂ, ಕೆಂಪು ಟೊಪ್ಪಿಗೆಗಳನ್ನೂ, ಅರಳೆಯ ಗಡ್ಡದ ಮುದುಕನ ಗೊಂಬೆಗಳನ್ನೂ ಕಾಣುತ್ತಾರೆ. ಪೇಟೆಗೆ ಹೋಗದವರ ಬಳಿಗೆ ಪೇಟೆಯೇ ಬರುತ್ತದೆ. ಕೈಯಲ್ಲಿರುವ ಮೊಬೈಲಿನಲ್ಲಿ ಹಬ್ಬದ ರಿಯಾಯಿತಿಯ ಸುದ್ದಿ ಹಗಲಿರುಳೂ ಬರುತ್ತಿರುತ್ತದೆ. ಕೊಳ್ಳದಿದ್ದರೆ ಹಬ್ಬವೇ ಆಗಲಿಲ್ಲವೇನೋ ಎಂಬ ಭಯವು ಮೆಲ್ಲನೆ ಮನೆಯೊಳಗೆ ಸೇರುತ್ತದೆ.

ಇದನ್ನು ಬರೆಯುವವನು ಒಮ್ಮೆ ಈ ಸೀಮೆಯ ಒಂದು ಹಳ್ಳಿಯಲ್ಲಿ ಹಾಡುವವರ ಸಂಗಡ ಮನೆಮನೆಗೆ ಹೋಗಿದ್ದನು. ಹಬ್ಬಕ್ಕೆ ಇನ್ನು ನಾಲ್ಕು ದಿನವಿತ್ತು. ಕೈಯಲ್ಲಿ ಡೋಲಕ್ಕು, ತಾಳ, ಕಾಣಿಕೆಯ ಡಬ್ಬಿ. ಪ್ರತಿ ಮನೆಯಲ್ಲಿ ಹಾಡಾದ ಮೇಲೆ ಚಹ ಕೊಡುವರು, ಡಬ್ಬಿಯಲ್ಲಿ ನೋಟು ಹಾಕುವರು. ಓಣಿಯ ಕೊನೆಯಲ್ಲಿ ಒಬ್ಬ ವಿಧವೆಯ ಮನೆ. ನಾವು ಮೂರು ಮನೆಯ ಆಚೆ ಇರುವಾಗ ಅಲ್ಲಿ ದೀಪ ಉರಿಯುತ್ತಿತ್ತು. ಹತ್ತಿರ ಬಂದಾಗ ಆರಿಹೋಗಿತ್ತು. ಆಕೆಯು ಮಲಗಿರಬೇಕೆಂದು ನಾವು ಮುಂದಕ್ಕೆ ಹೋದೆವು. ಮರುದಿನ ಬಾವಿಯ ದಾರಿಯಲ್ಲಿ ಆಕೆಯು ಸಿಕ್ಕಾಗ ವಿಚಾರಿಸಿದೆನು. ಆಕೆಯು ತಲೆತಗ್ಗಿಸಿ, “ಯಪ್ಪಾ, ನಿಮ್ಮ ಡಬ್ಬ್ಯಾಗ ಹಾಕಾಕ ಮನ್ಯಾಗ ಒಂದ್ ರೂಪಾಯಿನೂ ಇರಲಿಲ್ಲ. ಅದಕ್ಕ ದೀಪಾ ಆರ್ಸಿದ್ನಿ. ಒಳಗ ಕುಂತು ನಿಮ್ಮ ಹಾಡಾ ಕೇಳಿದ್ನಿ,” ಎಂದಳು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಎಲ್ಲಾ ಜನಕ್ಕೂ ಮಹಾಸಂತೋಷವನ್ನು ಸಾರಲಿಕ್ಕೆ ಹೋದ ನಾವು ಒಬ್ಬ ಬಡವೆಯು ತನ್ನ ದೀಪವನ್ನು ತಾನೇ ಆರಿಸಿಕೊಳ್ಳುವಂತೆ ಮಾಡಿದೆವು. ಬೇಕೆಂದು ಮಾಡಲಿಲ್ಲ, ಆದರೂ ಮಾಡಿದೆವು. ಹಬ್ಬವು ವ್ಯಾಪಾರವಾಯಿತೆಂದು ಪೇಟೆಯ ಅಂಗಡಿಯ ಕಡೆಗೆ ಬೆರಳು ತೋರಿಸುವದು ಸುಲಭ. ಅಂಗಡಿಯಿಂದ ಹೊರಟ ಆ ಮನಸ್ಸು ನಮ್ಮ ಡಬ್ಬಿಯೊಳಗೂ ಸೇರಿದೆಯೋ ಎಂದು ಈ ಪಾಠದಲ್ಲಿ ಪರೀಕ್ಷಿಸಿಕೊಳ್ಳೋಣ.

೧. ಮೊದಲನೆಯ ಹಬ್ಬದಲ್ಲಿ ಏನನ್ನು ಕೊಂಡರು?

ಲೂಕನ ಎರಡನೆಯ ಅಧ್ಯಾಯವನ್ನು ನಿಧಾನವಾಗಿ ಓದಿರಿ. ಯೋಸೇಫನೂ ಮರಿಯಳೂ ಬೇತ್ಲೆಹೇಮಿಗೆ ಹೋದದ್ದು ಚಕ್ರವರ್ತಿಯ ಖಾನೇಷುಮಾರಿಯಲ್ಲಿ ಹೆಸರು ಬರೆಯಿಸುವದಕ್ಕೆ. ಅಲ್ಲಿ ಅವರಿಗೆ ಛತ್ರದಲ್ಲಿ ಸ್ಥಳ ಸಿಕ್ಕಲಿಲ್ಲ. ಕೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದರು. ಗೋದಲಿ ಎಂದರೇನೆಂದು ನಮಗೆ ಗೊತ್ತು. ಎತ್ತುಗಳಿಗೆ ಮೇವು ಹಾಕುವ ಜಾಗ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಜನರೂ ದನಗಳೂ ಒಂದೇ ಸೂರಿನ ಕೆಳಗೆ ಇರುತ್ತಿದ್ದದ್ದನ್ನು ಹಿರಿಯರು ನೆನೆಸಿಕೊಳ್ಳುವರು. ಕುರುಬರು ಬಂದರು, ಅವರು ಕಾಣಿಕೆ ತಂದರೆಂದು ಲೂಕನು ಹೇಳುವದಿಲ್ಲ. ಬಂದರು, ಕಂಡರು, ಕೇಳಿದ್ದನ್ನು ತಿಳಿಸಿದರು, ದೇವರನ್ನು ಕೊಂಡಾಡುತ್ತಾ ತಮ್ಮ ಹಿಂಡಿನ ಬಳಿಗೆ ಹಿಂದಿರುಗಿದರು. ಬರಿಗೈಯಲ್ಲಿ ಬಂದವರನ್ನು ಆ ಬಾಗಿಲಲ್ಲಿ ಯಾರೂ ತಡೆಯಲಿಲ್ಲ.

ಹಾಗಾದರೆ ಆ ದಿನಗಳಲ್ಲಿ ಅವರು ಏನನ್ನೂ ಕೊಳ್ಳಲಿಲ್ಲವೋ? ಒಂದನ್ನು ಕೊಂಡಿರಬೇಕು. ಅದು ೨೪ನೆಯ ವಚನದಲ್ಲಿದೆ; ಹಬ್ಬದ ದಿನ ನಾವು ೨೦ನೆಯ ವಚನಕ್ಕೆ ಓದುವದನ್ನು ನಿಲ್ಲಿಸುವದರಿಂದ ಅದು ನಮ್ಮ ಕಣ್ಣಿಗೆ ಬೀಳುವದಿಲ್ಲ. ಬಾಣಂತಿಯ ಶುದ್ಧೀಕರಣದ ದಿನಗಳು ತುಂಬಿದ ಮೇಲೆ ತಂದೆತಾಯಿಗಳು ಕೂಸನ್ನು ಯೆರೂಸಲೇಮಿಗೆ ತಂದು, ಒಂದು ಜೋಡಿ ಬೆಳವಕ್ಕಿಯನ್ನು ಇಲ್ಲವೆ ಎರಡು ಪಾರಿವಾಳದ ಮರಿಗಳನ್ನು ಅರ್ಪಿಸಲು ಬಂದರು.

ಇದರ ಅರ್ಥವನ್ನು ಯಾಜಕಕಾಂಡದ ೧೨ನೆಯ ಅಧ್ಯಾಯವು ತಿಳಿಸುತ್ತದೆ. ಹೆತ್ತ ತಾಯಿಯು ಸರ್ವಾಂಗಹೋಮಕ್ಕಾಗಿ ಒಂದು ವರುಷದ ಕುರಿಮರಿಯನ್ನೂ ದೋಷಪರಿಹಾರಕ್ಕಾಗಿ ಒಂದು ಪಕ್ಷಿಯನ್ನೂ ತರಬೇಕು. ಕುರಿಮರಿಗೆ ಶಕ್ತಿಯಿಲ್ಲದಿದ್ದರೆ ಎರಡು ಪಕ್ಷಿಗಳೇ ಸಾಕು. ಯಾಜಕನು ಆಕೆಗೋಸ್ಕರ ದೋಷಪರಿಹಾರ ಮಾಡುವನು, ಆಕೆಯು ಶುದ್ಧಳಾಗುವಳು. ಬಡವಳಾದ್ದರಿಂದ ಅರ್ಧ ಮಾತ್ರ ಶುದ್ಧಳಾಗುವಳೆಂದು ಅಲ್ಲಿ ಬರೆದಿಲ್ಲ. ಲೋಕರಕ್ಷಕನ ತಾಯಿಯು ತಂದದ್ದು ಈ ಬಡವರ ಕಾಣಿಕೆಯನ್ನೇ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ತನ್ನ ಮಗನು ಯಾರೆಂದು ಮರಿಯಳಿಗೆ ದೂತನು ತಿಳಿಸಿದ್ದನು. ದಾವೀದನ ಸಿಂಹಾಸನವು ಯಾರಿಗೆ ದೊರೆಯುವದೋ ಅವನಿಗಾಗಿ ಒಂದು ಕುರಿಮರಿಯಾದರೂ ಬೇಡವೇ ಎಂದು ಆಕೆಯು ಹೇಳಬಹುದಾಗಿತ್ತು. ‘ಜನ ಏನಂದಾರು? ಇಂಥ ಮಗನಿಗೆ ಬೆಳವಕ್ಕಿಯ ಕಾಣಿಕೆಯೋ?’ ಎಂದು ಯೋಸೇಫನು ನಾಚಿ ಸಾಲ ತರಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಧರ್ಮಶಾಸ್ತ್ರವು ಬಡವರಿಗೆಂದು ತೆರೆದಿಟ್ಟ ಬಾಗಿಲಿನಿಂದಲೇ, ಎಲ್ಲರ ಕಣ್ಣೆದುರಿಗೆ, ಒಳಗೆ ಹೋದರು. ಆ ದಿನವೇ ಸಿಮೆಯೋನನು ಕೂಸನ್ನು ಕೈಯಲ್ಲಿ ಎತ್ತಿಕೊಂಡು ದೇವರನ್ನು ಸ್ತುತಿಸಿದನು. ಎಂಭತ್ತನಾಲ್ಕು ವರುಷದ ಹನ್ನಳು ಅವನ ವಿಷಯವಾಗಿ ಮಾತಾಡಿದಳು. ಕುರಿಮರಿ ಇಲ್ಲದ್ದರಿಂದ ಆ ಹಬ್ಬಕ್ಕೆ ಏನೂ ಕೊರತೆಯಾಗಲಿಲ್ಲ.

೨. ಬಡವರ ಕಾಣಿಕೆಯ ಮೇಲೆ ನಡೆದ ವ್ಯಾಪಾರ

ಇನ್ನು ಮತ್ತಾಯನ ೨೧ನೆಯ ಅಧ್ಯಾಯಕ್ಕೆ ಬನ್ನಿರಿ. ಆ ಕೂಸು ಈಗ ಬೆಳೆದ ಪುರುಷನಾಗಿ ಅದೇ ದೇವಾಲಯಕ್ಕೆ ಬಂದಿದ್ದಾನೆ. ಅಂಗಳದಲ್ಲಿ ಕೊಳ್ಳುವವರೂ ಮಾರುವವರೂ ತುಂಬಿದ್ದಾರೆ. ಆತನು ಚಿನಿವಾರರ ಮೇಜುಗಳನ್ನು ಕೆಡವಿದನು. ಮತ್ತೆ ಯಾರ ಪೀಠಗಳನ್ನು ಕೆಡವಿದನು? ಪಾರಿವಾಳ ಮಾರುವವರ ಪೀಠಗಳನ್ನು. ಮಾರ್ಕನೂ ಇದೇ ಮಾತನ್ನು ಬರೆಯುತ್ತಾನೆ. ಮರಿಯಳಂಥ ಬಡತಾಯಂದಿರು ಯಾವದನ್ನು ಕೊಳ್ಳಲೇಬೇಕಾಗಿತ್ತೋ ಅದನ್ನು ಮಾರುವವರ ಪೀಠಗಳು ಅವು.

ಆ ಮಾರಾಟದಲ್ಲಿ ಬಡವರಿಗೆ ಆಗುತ್ತಿದ್ದ ಕಷ್ಟವನ್ನು ಯೆಹೂದ್ಯರ ಗುರುಗಳೂ ಬಲ್ಲವರಾಗಿದ್ದರು. ಸುಮಾರು ಕ್ರಿ.ಶ. ೨೦೦ರಲ್ಲಿ ಕೂಡಿಸಲ್ಪಟ್ಟ ‘ಮಿಷ್ನಾ’ ಎಂಬ ಧರ್ಮನಿಯಮಗಳ ಸಂಗ್ರಹದಲ್ಲಿ ಒಂದು ವೃತ್ತಾಂತವಿದೆ. ಒಂದಾನೊಂದು ಸಮಯದಲ್ಲಿ ಯೆರೂಸಲೇಮಿನಲ್ಲಿ ಕಾಣಿಕೆಯ ಪಕ್ಷಿಗಳ ಜೋಡಿಗೆ ಬಂಗಾರದ ದೀನಾರದಷ್ಟು ಬೆಲೆ ಏರಿತು. ಒಂದು ಬಂಗಾರದ ದೀನಾರವೆಂದರೆ ೨೫ ಬೆಳ್ಳಿಯ ದೀನಾರ. ಬೆಳ್ಳಿಯ ದೀನಾರವೊಂದು ಕೂಲಿಯಾಳಿನ ಒಂದು ದಿನದ ಕೂಲಿ ಎಂಬದನ್ನು ದ್ರಾಕ್ಷೇತೋಟದ ಸಾಮ್ಯದಿಂದ ನಾವು ಬಲ್ಲೆವು. ಆಗ ಗಮಲಿಯೇಲನ ವಂಶದ ಸಿಮೆಯೋನನೆಂಬ ಗುರುವು, ಈ ಬೆಲೆ ಇಳಿಯುವ ತನಕ ನಾನು ಈ ರಾತ್ರಿ ಮಲಗುವದಿಲ್ಲವೆಂದು ಆಣೆಯಿಟ್ಟನು. ಆತನು ವ್ಯಾಪಾರಿಗಳ ಸಂಗಡ ಜಗಳವಾಡಲಿಲ್ಲ. ಸಭೆಗೆ ಹೋಗಿ ಒಂದು ಉಪದೇಶ ಕೊಟ್ಟನು. ಅದೇನೆಂದರೆ, ಐದು ಹೆರಿಗೆಗಳ ಕಾಣಿಕೆ ಬಾಕಿಯಿರುವ ಸ್ತ್ರೀಯು ಒಂದನ್ನು ತಂದರೆ ಸಾಕು, ಉಳಿದದ್ದು ಆಕೆಯ ಮೇಲೆ ಕಡ್ಡಾಯವಲ್ಲ ಎಂಬದು. ಆ ದಿನವೇ ಪಕ್ಷಿಗಳ ಬೆಲೆ ಒಂದು ಬೆಳ್ಳಿ ದೀನಾರಕ್ಕಿಂತಲೂ ಕೆಳಗೆ ಇಳಿಯಿತಂತೆ.

ಈ ವೃತ್ತಾಂತದಲ್ಲಿ ನಮಗೆ ಒಂದು ಬುದ್ಧಿಯಿದೆ. ಬೆಲೆಯನ್ನು ಏರಿಸಿದ್ದು ವ್ಯಾಪಾರಿಯ ಆಶೆ. ಆದರೆ ಆ ಆಶೆಗೆ ಬಲ ಕೊಟ್ಟದ್ದು ‘ಇದಿಲ್ಲದಿದ್ದರೆ ನಡೆಯುವದಿಲ್ಲ’ ಎಂಬ ಜನರ ಭಯ. ಹಿರಿಯನಾದವನು ಎದ್ದು ನಿಂತು ‘ಇದು ಕಡ್ಡಾಯವಲ್ಲ’ ಎಂದು ಬಾಯಿಬಿಟ್ಟು ಹೇಳಿದಾಗ ಭಯ ಹೋಯಿತು, ಬೆಲೆಯೂ ಇಳಿಯಿತು.

ನಮ್ಮ ಕರ್ತನು ಅದಕ್ಕಿಂತ ಮುಂದೆ ಹೋದನು. ಆತನು ಪೀಠಗಳನ್ನು ಕೆಡವಿದ ಮೇಲೆ ಆದದ್ದನ್ನು ಮತ್ತಾಯನು ೧೪ನೆಯ ವಚನದಲ್ಲಿ ಹೇಳುತ್ತಾನೆ: ಕುರುಡರೂ ಕುಂಟರೂ ದೇವಾಲಯದಲ್ಲಿ ಆತನ ಬಳಿಗೆ ಬಂದರು, ಆತನು ಅವರನ್ನು ಸ್ವಸ್ಥಮಾಡಿದನು. ಮೇಜುಗಳು ಹೋದವು, ಬಡವರು ಬಂದರು. ನಮ್ಮ ಹಬ್ಬಗಳಿಂದ ಯಾವದನ್ನು ತೆಗೆದುಹಾಕಬೇಕೆಂಬದಕ್ಕೂ ಇದೇ ಅಳತೆ. ಯಾವದು ಬಡವನನ್ನು ಹೊರಗೆ ನಿಲ್ಲಿಸುತ್ತದೋ ಅದು ಹೋಗಬೇಕು. ಯಾವದು ಅವನನ್ನು ಒಳಗೆ ಕರೆಯುತ್ತದೋ ಅದು ಉಳಿಯಬೇಕು.

೩. ನಮ್ಮ ಹಬ್ಬಕ್ಕೆ ಪೇಟೆ ಹೇಗೆ ಬಂತು?

ಕ್ರಿಸ್ತನು ಹುಟ್ಟಿದ ತಿಂಗಳೂ ದಿನವೂ ಸುವಾರ್ತೆಗಳಲ್ಲಿ ಬರೆಯಲ್ಪಟ್ಟಿಲ್ಲ. ಡಿಸೆಂಬರ್ ೨೫ರಂದು ಈ ಹಬ್ಬವನ್ನು ಆಚರಿಸಿದ್ದಕ್ಕೆ ನಮಗೆ ದೊರೆಯುವ ಹಳೆಯ ದಾಖಲೆ ರೋಮಾಪುರದ್ದು, ಅದು ಕ್ರಿ.ಶ. ೩೩೬ಕ್ಕೆ ಸೇರಿದ್ದು. ಅರ್ಮೇನಿಯದ ಸಭೆಯು ಈಗಲೂ ಜನವರಿ ೬ರಂದು ಈ ಹಬ್ಬವನ್ನು ಮಾಡುತ್ತದೆ. ಆದಕಾರಣ ಹಬ್ಬದ ಹಿರಿಮೆಯು ಪಂಚಾಂಗದ ದಿನದಲ್ಲಿಲ್ಲ. ವಾಕ್ಯವು ಶರೀರಧಾರಿಯಾಗಿ ನಮ್ಮ ಮಧ್ಯದಲ್ಲಿ ವಾಸಿಸಿದ ಸಂಗತಿಯಲ್ಲಿದೆ.

ಗಡ್ಡದ ಮುದುಕನ ಸಂಗತಿಯನ್ನು ಮಕ್ಕಳು ಕೇಳುತ್ತಾರೆ. ಅದನ್ನು ತಿಳಿದಿರುವದು ಒಳ್ಳೆಯದು. ನಾಲ್ಕನೆಯ ಶತಮಾನದಲ್ಲಿ ಈಗಿನ ತುರ್ಕಿ ದೇಶದ ಮೈರಾ ಎಂಬ ಪಟ್ಟಣದಲ್ಲಿ ನಿಕೊಲಾಸನೆಂಬ ಸಭಾಧ್ಯಕ್ಷನಿದ್ದನು. ಆತನನ್ನು ಕುರಿತ ಒಂದು ಪುರಾತನ ಕಥೆಯುಂಟು. ಒಬ್ಬ ಬಡ ತಂದೆಗೆ ಮೂವರು ಹೆಣ್ಣುಮಕ್ಕಳಿದ್ದರು. ಮದುವೆಗೆ ಕೊಡತಕ್ಕ ಹಣವಿಲ್ಲದೆ ಅವನು ಅವರನ್ನು ದುರ್ಮಾರ್ಗಕ್ಕೆ ಮಾರುವದಕ್ಕಿದ್ದನು. ನಿಕೊಲಾಸನು ರಾತ್ರಿಯಲ್ಲಿ, ಯಾರಿಗೂ ಕಾಣದಂತೆ, ಬಂಗಾರದ ಗಂಟುಗಳನ್ನು ಆ ಮನೆಯೊಳಗೆ ಎಸೆದು ಆ ಮೂವರನ್ನೂ ಉಳಿಸಿದನಂತೆ. ಅದು ಗುಪ್ತ ದಾನ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂದು ಕರ್ತನು ಹೇಳಿದ ತರದ್ದು. ಹಾಲೆಂಡಿನ ಜನರು ಈತನ ನೆನಪನ್ನು ಕಾಪಾಡಿದರು. ಅವರು ಆತನಿಗೆ ಕೊಟ್ಟ ಹೆಸರೇ ಅಮೆರಿಕದಲ್ಲಿ ಸಾಂತಾಕ್ಲಾಸ್ ಆಯಿತು. ೧೮೨೩ರಲ್ಲಿ ಅಲ್ಲಿಯ ಒಂದು ಪತ್ರಿಕೆಯ ಪದ್ಯವು ಅವನಿಗೆ ಎಂಟು ಹಿಮಸಾರಂಗಗಳ ಬಂಡಿಯನ್ನು ಕೊಟ್ಟಿತು. ೧೮೬೩ರಿಂದ ಥಾಮಸ್ ನಾಸ್ಟ್ ಎಂಬ ಚಿತ್ರಕಾರನು ಅವನಿಗೆ ದುಂಡು ಮೈಯನ್ನು ಕೊಟ್ಟನು. ೧೯೩೧ರಿಂದ ಕೋಕಾ-ಕೋಲಾ ಎಂಬ ಪಾನೀಯದ ಕಂಪನಿಯು ಅವನ ಚಿತ್ರವನ್ನು ತನ್ನ ಜಾಹೀರಾತಿನಲ್ಲಿಟ್ಟು ಲೋಕಕ್ಕೆಲ್ಲಾ ಹರಡಿತು. ಹೀಗೆ ಬಡವನ ಮನೆಗೆ ಕತ್ತಲಲ್ಲಿ ಹಣ ಎಸೆದವನು ಅಂಗಡಿಯ ಬಾಗಿಲಲ್ಲಿ ನಿಂತು ನಮ್ಮಿಂದ ಹಣ ಕೇಳುವವನಾದನು. ಹಬ್ಬದ ಶುಭಾಶಯದ ಅಚ್ಚುಪತ್ರವೂ ಹೀಗೆಯೇ. ಲಂಡನ್ನಿನಲ್ಲಿ ಮೊದಲನೆಯದನ್ನು ೧೮೪೩ರಲ್ಲಿ ಅಚ್ಚು ಮಾಡಿ ಒಂದು ಶಿಲ್ಲಿಂಗಿಗೆ ಒಂದರಂತೆ ಮಾರಿದರು. ಆ ಕಾಲದ ಕೂಲಿಯವನಿಗೆ ಅದು ಹಗುರವಾದ ಬೆಲೆಯಲ್ಲ.

ಹಾಗಾದರೆ ವ್ಯಾಪಾರವೆಲ್ಲಾ ಪಾಪವೋ? ಅಲ್ಲ. ಈ ನಾಡಿನ ಸಭೆಯ ಚರಿತ್ರೆಯೇ ಅದಕ್ಕೆ ಸಾಕ್ಷಿ. ಬಾಸೆಲ್ ಮಿಶನಿನವರು ೧೮೩೪ರಲ್ಲಿ ಮಂಗಳೂರಿಗೆ, ೧೮೩೭ರಲ್ಲಿ ಧಾರವಾಡಕ್ಕೆ, ೧೮೩೯ರಲ್ಲಿ ಹುಬ್ಬಳ್ಳಿಗೆ, ೧೮೪೧ರಲ್ಲಿ ನಮ್ಮ ಬೆಟಗೇರಿಗೆ ಬಂದರು. ಕ್ರಿಸ್ತನನ್ನು ಹಿಂಬಾಲಿಸಿದ್ದರಿಂದ ಅನೇಕರಿಗೆ ಮನೆಯೂ ಕಸುಬೂ ತಪ್ಪಿಹೋದವು. ಅವರಿಗೆ ಅನ್ನದ ದಾರಿಯಾಗಲೆಂದು ಮಿಶನಿನವರು ಮಂಗಳೂರಿನಲ್ಲಿ ನೆಯ್ಗೆಯ ಕಾರ್ಖಾನೆಯನ್ನೂ ೧೮೬೫ರಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದರು. ಅಲ್ಲಿಯ ಬಟ್ಟೆ ಹಂಚುಗಳು ಮಾರಾಟವಾದದ್ದರಿಂದಲೇ ಅನೇಕ ಮನೆಗಳಲ್ಲಿ ಒಲೆ ಉರಿಯಿತು. ಬೆಟಗೇರಿಯ ನೇಕಾರನು ನೆಯ್ದ ಸೀರೆಯನ್ನು ಯಾರೂ ಕೊಳ್ಳದಿದ್ದರೆ ಅವನ ಮಕ್ಕಳು ಉಪವಾಸವಿರಬೇಕು. ಪೇಟೆಯ ಅಂಗಡಿಯವರು ತಮ್ಮ ಕೆಲಸವನ್ನು ಮಾಡುತ್ತಾರೆ. ನಕ್ಷತ್ರ ತೂಗುಹಾಕಿದ್ದಕ್ಕೆ ಅವರನ್ನು ದೂಷಿಸುವದು ನ್ಯಾಯವಲ್ಲ. ನಾವು ವಿಚಾರಿಸತಕ್ಕದ್ದು ನಮ್ಮ ಮನಸ್ಸನ್ನೇ. ಬೇಕಾದದ್ದನ್ನು ಇದ್ದ ಹಣದಿಂದ ಕೊಳ್ಳುವದು ಒಂದು. ನೆರೆಯವರ ಕಣ್ಣಿಗೆ ಹೆದರಿ, ಇಲ್ಲದ ಹಣದಿಂದ ಕೊಳ್ಳುವದು ಮತ್ತೊಂದು.

೪. ಹಬ್ಬದ ಸಾಲದ ಲೆಕ್ಕ

ಇದನ್ನು ಒಂದು ಲೆಕ್ಕದಿಂದ ನೋಡೋಣ. ಒಂದು ಮನೆಯವರು ಹಬ್ಬಕ್ಕೆಂದು ೮,೦೦೦ ರೂಪಾಯಿ ಕೈಸಾಲ ತಂದರೆಂದು ಎಣಿಸಿರಿ. ನೂರಕ್ಕೆ ತಿಂಗಳಿಗೆ ೩ ರೂಪಾಯಿ ಬಡ್ಡಿ. ತಿಂಗಳಿಗೆ ೨೪೦ ರೂಪಾಯಿ ಆಯಿತು. ಅಸಲಿಗೆ ಕೈಹಚ್ಚಲು ಆಗದೆ ಬರೇ ಬಡ್ಡಿಯನ್ನೇ ಕಟ್ಟುತ್ತಾ ಮುಂದಿನ ಹಬ್ಬಕ್ಕೆ ಬಂದರೆ ೨,೮೮೦ ರೂಪಾಯಿ ಹೋಯಿತು. ೮,೦೦೦ ರೂಪಾಯಿ ಇದ್ದಂತೆಯೇ ಇದೆ. ಮಕ್ಕಳ ಅಂಗಿ ಆ ಹೊತ್ತಿಗೆ ಹರಿದಿರುತ್ತದೆ, ನಕ್ಷತ್ರದ ದೀಪ ಕೆಟ್ಟಿರುತ್ತದೆ, ಕೇಕಿನ ರುಚಿಯನ್ನು ಯಾರೂ ನೆನಸುವದಿಲ್ಲ. ಸಾಲ ಮಾತ್ರ ಹೊಸದಾಗಿಯೇ ಇರುತ್ತದೆ. ಹತ್ತಿ ಬಿಡಿಸಲು ಹೋಗುವ ತಾಯಿಯು ತನ್ನ ಕೂಲಿಯ ಎಷ್ಟು ದಿನಗಳನ್ನು ಆ ಬಡ್ಡಿಗೆ ಒಪ್ಪಿಸಬೇಕೆಂದು ಪ್ರತಿ ಮನೆಯವರು ತಾವೇ ಲೆಕ್ಕ ಹಾಕಿ ನೋಡಲಿ.

ಈಗ ಸಾಲವು ಮನೆಬಾಗಿಲಿಗೇ ಬರುತ್ತದೆ. ಗುಂಪು ಕಟ್ಟಿಸಿ ಕೊಡುವ ಸಾಲಗಳ ವಾರದ ಕಂತು ತಪ್ಪಿದರೆ ಒಬ್ಬಳ ಕಂತಿಗಾಗಿ ಹತ್ತು ಮಂದಿ ಹೆಂಗಸರು ಒಬ್ಬರಿಗೊಬ್ಬರು ವೈರಿಗಳಾಗುವದುಂಟು. ಸಾಲವಸೂಲಿಯ ಕಿರುಕುಳವು ಎಷ್ಟು ಬೆಳೆಯಿತೆಂದರೆ, ಅದನ್ನು ತಡೆಯಲಿಕ್ಕೆ ಕರ್ನಾಟಕ ಸರಕಾರವು ೨೦೨೫ರ ಫೆಬ್ರವರಿಯಲ್ಲಿ ಒಂದು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಕಾನೂನು ಸಾಲಗಾರನನ್ನು ಬೆದರಿಕೆಯಿಂದ ಕಾಪಾಡಬಹುದು. ಬೇಡದ ಸಾಲವನ್ನು ಮಾಡದಂತೆ ಕಾಪಾಡುವದು ನಮ್ಮ ಕೈಯಲ್ಲಿದೆ.

ಬಡ್ಡಿಯ ಬಲೆಯಿಂದ ಬಿಡಿಸಿಕೊಳ್ಳುವ ಮಾರ್ಗವನ್ನು ನಮ್ಮ ಗದಗ ತಾಲ್ಲೂಕಿನವರಿಗೆ ಬೇರೆಯವರು ಬಂದು ಕಲಿಸಬೇಕಾಗಿಲ್ಲ. ಇದೇ ತಾಲ್ಲೂಕಿನ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರ ಪತ್ತಿನ ಸಹಕಾರ ಸಂಘವು ಹುಟ್ಟಿತು. ಅದು ಇಂಡಿಯಾ ದೇಶದ ಅಂಥ ಸಂಘಗಳಲ್ಲಿ ಮೊಟ್ಟಮೊದಲಿನದೆಂದು ಹೆಸರಾಗಿದೆ. ಒಬ್ಬೊಬ್ಬನೇ ಸಾಹುಕಾರನ ಮುಂದೆ ನಿಂತರೆ ಕೈಕಟ್ಟಿ ನಿಲ್ಲಬೇಕು. ಹತ್ತು ಮಂದಿ ತಮ್ಮ ಸಣ್ಣ ಹಣವನ್ನು ಒಂದುಗೂಡಿಸಿದರೆ ತಲೆಯೆತ್ತಿ ನಿಲ್ಲಬಹುದು ಎಂಬ ತಿಳುವಳಿಕೆ ಈ ಎರೆಮಣ್ಣಿನಲ್ಲಿ ನೂರು ವರುಷಗಳಿಗಿಂತ ಹಿಂದೆಯೇ ಬೇರುಬಿಟ್ಟಿತು. ಆ ತಿಳುವಳಿಕೆಯನ್ನು ಹಬ್ಬದ ವೆಚ್ಚಕ್ಕೂ ತಂದರೆ ಏನಾಗುತ್ತದೆ? ಜನವರಿಯಿಂದ ವಾರಕ್ಕೆ ೨೦ ರೂಪಾಯಿಯಂತೆ ತೆಗೆದಿಟ್ಟವರ ಕೈಯಲ್ಲಿ ೫೦ ವಾರಗಳಿಗೆ ೧,೦೦೦ ರೂಪಾಯಿ ಇರುತ್ತದೆ. ಅಷ್ಟರಲ್ಲಿ ಆಗುವ ಹಬ್ಬವು ಚಿಕ್ಕದಾಗಿ ಕಾಣಬಹುದು. ಆದರೆ ಅದು ಪೂರಾ ನಮ್ಮದು. ಯಾರ ಸಾಲವೂ ಇಲ್ಲದಿರಲಿ, ಒಬ್ಬರನ್ನೊಬ್ಬರು ಪ್ರೀತಿಸುವ ಸಾಲ ಮಾತ್ರ ಇರಲಿ ಎಂಬ ಅರ್ಥದ ಅಪೊಸ್ತಲನ ಮಾತು (ರೋಮಾ ೧೩:೮) ಹಬ್ಬದ ದಿನಕ್ಕೂ ಸಲ್ಲುತ್ತದೆ.

೫. ಹಾಗಾದರೆ ಹಬ್ಬವೇ ಬೇಡವೋ?

ಹಿಂದೆ ಕೆಲವು ದೇವಭಕ್ತರು ಹಾಗೆಯೇ ಎಣಿಸಿದರು. ಇಂಗ್ಲೆಂಡಿನ ಪಾರ್ಲಿಮೆಂಟು ೧೬೪೭ರಲ್ಲಿ ಈ ಹಬ್ಬವನ್ನು ತೆಗೆದುಹಾಕಿತು. ಅಮೆರಿಕದ ಮಸಾಚುಸೆಟ್ಸ್ ಎಂಬ ಸೀಮೆಯಲ್ಲಿ ೧೬೫೯ರಿಂದ ೧೬೮೧ರ ವರೆಗೆ ಹಬ್ಬ ಮಾಡಿದವರಿಗೆ ಐದು ಶಿಲ್ಲಿಂಗ್ ದಂಡ ಹಾಕುವ ಕಾನೂನಿತ್ತು. ಕುಡಿತ, ಜೂಜು, ದುಂದುವೆಚ್ಚಗಳನ್ನು ಕಂಡು ಬೇಸತ್ತು ಅವರು ಹೀಗೆ ಮಾಡಿದರು. ಆದರೆ ಹಬ್ಬವನ್ನು ದಂಡದಿಂದ ಅಳಿಸಲು ಆಗಲಿಲ್ಲ. ಜನರ ಮನಸ್ಸೂ ಅದರಿಂದ ಶುದ್ಧವಾಗಲಿಲ್ಲ. ಕಳೆ ಬೆಳೆದಿದೆಯೆಂದು ಬೆಳೆಯನ್ನೇ ಹರಗುವ ರೈತನಿಗೆ ಸುಗ್ಗಿಯಿಲ್ಲ.

ನೆಹೆಮೀಯನ ೮ನೆಯ ಅಧ್ಯಾಯವು ನಮಗೆ ಒಳ್ಳೆಯ ದಾರಿಯನ್ನು ತೋರಿಸುತ್ತದೆ. ಧರ್ಮಶಾಸ್ತ್ರವನ್ನು ಕೇಳಿ ಅಳುತ್ತಿದ್ದ ಜನರಿಗೆ, ಅಳಬೇಡಿರಿ, ಹೋಗಿ ಮೃಷ್ಟಾನ್ನವನ್ನು ಉಣ್ಣಿರಿ, ಸವಿಯಾದದ್ದನ್ನು ಕುಡಿಯಿರಿ ಎಂದು ಹೇಳಲಾಯಿತು. ಅಷ್ಟಕ್ಕೇ ಮಾತು ನಿಲ್ಲಲಿಲ್ಲ. ಏನೂ ಸಿದ್ಧಮಾಡಿಕೊಳ್ಳದವರಿಗೆ ಒಂದು ಪಾಲನ್ನು ಕಳುಹಿಸಿರಿ ಎಂದೂ ಅಪ್ಪಣೆಯಾಯಿತು. ಸಂತೋಷವು ದೇವರ ಚಿತ್ತ; ಪಾಲು ಕಳುಹಿಸದ ಸಂತೋಷವು ಅರ್ಧ ಸಂತೋಷ. ನಮ್ಮ ತಾಯಂದಿರಿಗೆ ಇದು ಹೊಸದಲ್ಲ. ಹೋಳಿಗೆ, ಕರ್ಚಿಕಾಯಿ, ಶೇಂಗಾದ ಉಂಡಿ ಮಾಡಿ, ತಟ್ಟೆಯ ಮೇಲೆ ಬಟ್ಟೆ ಮುಚ್ಚಿ, ಜಾತಿಮತ ನೋಡದೆ ಓಣಿಗೆಲ್ಲಾ ಹಂಚುವ ಪದ್ಧತಿ ಹಿಂದಿನಿಂದ ಇದೆ. ಅಂಗಡಿಯ ಕೇಕು ಬಂದು ಆ ತಟ್ಟೆಯನ್ನು ಅಟ್ಟಕ್ಕೆ ಏರಿಸದಿರಲಿ. ಮಕ್ಕಳಿಗೆ ಹೊಸ ಬಟ್ಟೆ ಹೊಲಿಸುವದೂ ತಪ್ಪಲ್ಲ. ಹಣವಿದ್ದವರು ಹೊಲಿಸಲಿ, ಸಾಧ್ಯವಿದ್ದರೆ ತಮ್ಮ ಮಕ್ಕಳ ಸಂಗಡ ಇನ್ನೊಂದು ಮಗುವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಲಿ.

೬. ಸಭೆಯು ಮಾಡತಕ್ಕದ್ದು

ಈ ಪಾಠವನ್ನು ಕೇಳಿ ಹೋಗಿಬಿಟ್ಟರೆ ಪ್ರಯೋಜನವಿಲ್ಲ. ಹಳ್ಳಿಯ ಚಿಕ್ಕ ಸಭೆಯೂ ಮಾಡಬಹುದಾದ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತೇವೆ.

ಮೊದಲನೆಯದು: ಆಗಮನಕಾಲದ ಮೊದಲ ಆದಿತ್ಯವಾರದಲ್ಲಿ ಸಭಾಪಾಲಕರೂ ಹಿರಿಯರೂ ಎದ್ದು ನಿಂತು, ಹಬ್ಬದ ಆರಾಧನೆಗೆ ಹೊಸ ಬಟ್ಟೆ ಕಡ್ಡಾಯವಲ್ಲ, ಒಗೆದ ಬಟ್ಟೆ ಸಾಕು ಎಂದು ಸ್ಪಷ್ಟವಾಗಿ ಹೇಳಲಿ. ಇದು ಎಲ್ಲರಿಗೂ ತಿಳಿದದ್ದೇ ಎಂದು ಸುಮ್ಮನಿರಬಾರದು. ಸಿಮೆಯೋನನೆಂಬ ಗುರುವು ಬಾಯಿಬಿಟ್ಟು ಹೇಳಿದ್ದರಿಂದಲೇ ಬೆಲೆ ಇಳಿಯಿತು. ಹೇಳಿದ ಹಿರಿಯರು ಆ ವರುಷ ತಾವೂ ಹಳೆಯ ಅಂಗಿಯಲ್ಲಿಯೇ ಬಂದರೆ ಅವರ ಮಾತಿಗೆ ಇನ್ನೂ ಬೆಲೆ ಬರುವದು.

ಎರಡನೆಯದು: ಹಾಡುವವರು ಮನೆಮನೆಗೆ ಹೋಗುವಾಗ ಡಬ್ಬಿಯನ್ನು ಒಯ್ಯದಿರಲಿ. ಕಾಣಿಕೆ ಕೊಡಬೇಕೆನ್ನುವವರು ಗುಡಿಯಲ್ಲಿ ಕೊಡಲಿ. ವಿಧವೆಯರ, ರೋಗಿಗಳ, ಕೂಲಿಯವರ ಮನೆಗಳಿಗೆ ಮೊದಲು ಹೋಗಲಿ, ಚಹವನ್ನು ಬೇಡವೆನ್ನಲಿ. ದೂತರು ಕುರುಬರಿಗೆ ಹಾಡಿದಾಗ ಏನನ್ನೂ ಕೇಳಲಿಲ್ಲ.

ಮೂರನೆಯದು: ಅಡಿಗೆಗೆ ಹಿಟ್ಟು ತೆಗೆಯುವಾಗ ಒಂದು ಹಿಡಿ ಜೋಳವನ್ನು ಬೇರೆ ಗಡಿಗೆಯಲ್ಲಿ ಹಾಕಿಡುವ ಪದ್ಧತಿಯನ್ನು ಸ್ತ್ರೀಯರ ಸಂಘವು ನಡಿಸಲಿ. ಹಬ್ಬಕ್ಕೆ ಒಂದು ವಾರ ಮುಂಚೆ ಅದನ್ನು ಕೂಡಿಸಿ, ಕೊರತೆಯಿರುವ ಮನೆಗಳಿಗೆ ರಾತ್ರಿಯಲ್ಲಿ, ಹೆಸರು ಹೇಳದೆ, ಮುಟ್ಟಿಸಲಿ. ಫೋಟೋ ತೆಗೆಯಬಾರದು, ಪಟ್ಟಿಯನ್ನು ಓದಬಾರದು. ನಿಕೊಲಾಸನ ಕಥೆಯಲ್ಲಿ ಕಲಿಯತಕ್ಕದ್ದು ಇದೇ, ಕೆಂಪು ಟೊಪ್ಪಿಗೆಯಲ್ಲ.

ನಾಲ್ಕನೆಯದು: ನಕ್ಷತ್ರವನ್ನು ಮಕ್ಕಳೇ ಬಿದಿರಿನ ಕಡ್ಡಿಯಿಂದಲೂ ಬಣ್ಣದ ಕಾಗದದಿಂದಲೂ ಕಟ್ಟಲಿ. ಸಂಡೇ ಶಾಲೆಯ ಮಾಸ್ತರರು ಒಂದು ಸಾಯಂಕಾಲ ಅವರನ್ನು ಕೂಡಿಸಿ, ಕಟ್ಟುತ್ತಿರುವಾಗಲೇ ಜೋಯಿಸರ ಕಥೆಯನ್ನು ಹೇಳಲಿ. ತಾನು ಕಟ್ಟಿದ ನಕ್ಷತ್ರವನ್ನು ಯಾವ ಮಗುವೂ ಮರೆಯುವದಿಲ್ಲ.

ಐದನೆಯದು: ಪ್ರತಿ ಮನೆಯ ಗಂಡಹೆಂಡರು ಕೂಡಿ ಕೂತು, ಕಳೆದ ಹಬ್ಬಕ್ಕೆ ಏನು ವೆಚ್ಚವಾಯಿತು, ಅದರಲ್ಲಿ ಸಾಲವೆಷ್ಟು, ಅದು ತೀರಿತೋ ಎಂದು ಒಂದು ಕಾಗದದ ಮೇಲೆ ಬರೆಯಲಿ. ಆ ಕಾಗದವನ್ನು ಸತ್ಯವೇದದಲ್ಲಿ ಲೂಕನ ೨ನೆಯ ಅಧ್ಯಾಯದ ಹತ್ತಿರ ಇಡಲಿ. ಹಬ್ಬದ ಮುಂಜಾನೆ ಅದನ್ನು ತೆರೆಯುವಾಗ ಎರಡನ್ನೂ ಒಟ್ಟಿಗೆ ಓದಲಿ.

ಸಮಾಪ್ತಿ

ಬಾಯಿಪಾಠದ ವಚನವನ್ನು ಮತ್ತೊಂದಾವರ್ತಿ ನೋಡಿರಿ. ಐಶ್ವರ್ಯವಂತನಾಗಿದ್ದಾತನು ನಮಗೋಸ್ಕರ ಬಡವನಾದನೆಂದು ಪೌಲನು ಬರೆಯುತ್ತಾನೆ. ಬಡವನಾದವನ ಹುಟ್ಟನ್ನು ನೆನಸುವ ದಿನದಲ್ಲಿ ಬಡವರು ನಾಚುವಂತಾದರೆ, ನಾವು ಯಾರ ಹಬ್ಬವನ್ನು ಮಾಡುತ್ತಿದ್ದೇವೆ? ದೇವರು ಕ್ರಯವಿಲ್ಲದೆ ಕೊಟ್ಟದ್ದನ್ನು ನಾವು ಕ್ರಯಕ್ಕೆ ಮಾರದಿರೋಣ. ಕ್ರಯ ಕೊಡಲಾರದವನಿಗೆ ಬಾಗಿಲು ಮುಚ್ಚದಿರೋಣ.

ಆ ವಿಧವೆಯ ಮನೆಗೆ ಮರುವರುಷ ಡಬ್ಬಿಯಿಲ್ಲದೆ ಹೋದೆವು, ಮೊದಲನೆಯದಾಗಿ ಆಕೆಯ ಮನೆಗೇ ಹೋದೆವು. ದೀಪ ಉರಿಯುತ್ತಿತ್ತು. ಆಕೆಯು ಹೊಸ್ತಿಲಲ್ಲಿ ಕೂತು ಹಾಡನ್ನು ಪೂರಾ ಕೇಳಿ, ಇನ್ನೊಂದು ಹಾಡಿರೆಂದು ಕೇಳಿಕೊಂಡಳು.

ಪ್ರಶ್ನೆಗಳು

೧. ಮರಿಯಳು ಕುರಿಮರಿಯನ್ನು ತರದೆ ಪಕ್ಷಿಗಳನ್ನು ತಂದದ್ದರಿಂದ ಅವರ ಸ್ಥಿತಿಯ ವಿಷಯವಾಗಿ ಏನು ತಿಳಿಯುತ್ತದೆ? ಅದಕ್ಕೆ ಅವರು ನಾಚಿದರೋ?

೨. ದೇವಾಲಯದಲ್ಲಿ ಪಾರಿವಾಳ ಮಾರುವವರ ಪೀಠಗಳನ್ನು ಕೆಡವಿದ ಮೇಲೆ ಯಾರು ಕರ್ತನ ಬಳಿಗೆ ಬಂದರು? ಮೊದಲು ಅವರು ಯಾಕೆ ಬಂದಿರಲಿಲ್ಲವೆಂದು ನೀವು ಎಣಿಸುತ್ತೀರಿ?

೩. ನಿಕೊಲಾಸನ ಕಥೆಯಲ್ಲಿಯ ದಾನಕ್ಕೂ ಈಗಿನ ಹಬ್ಬದ ಉಡುಗೊರೆಗಳಿಗೂ ಇರುವ ಭೇದವೇನು?

೪. ನಮ್ಮ ಸಭೆಯಲ್ಲಿ ಬಟ್ಟೆಯ, ಕಾಣಿಕೆಯ ಇಲ್ಲವೆ ಊಟದ ನಾಚಿಕೆಯಿಂದ ಹಬ್ಬದ ಆರಾಧನೆಗೆ ಬಾರದವರು ಇದ್ದಾರೋ? ಅವರ ಬಳಿಗೆ ಈ ವರುಷ ಯಾರು, ಯಾವ ದಿನ ಹೋಗುವರು?

೫. ಮೇಲೆ ಹೇಳಿದ ಐದು ಸಂಗತಿಗಳಲ್ಲಿ ನಮ್ಮ ಸಭೆಯು ಈ ವರುಷವೇ ಮಾಡಬಹುದಾದದ್ದು ಯಾವದು? ಹಿರಿಯರು ಅದನ್ನು ಸಭೆಯ ಪುಸ್ತಕದಲ್ಲಿ ಬರೆದಿಡಲಿ.